ಕೆಲಸದ ಕೊರತೆ ಮತ್ತು ಕೂಲಿಯ ಹಕ್ಕು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಮನುಷ್ಯನ ತಾಳ್ಮೆ, ಪ್ರಾಮಾಣಿಕತೆ ಮತ್ತು ದೇವಭಯ ಎಷ್ಟೆಂಬುದು ಈ ಎರಡು ಕಾರ್ಯಗಳಲ್ಲಿ ಬಯಲಾಗುವಷ್ಟು ಬೇರೆಲ್ಲೂ ಬಯಲಾಗುವುದಿಲ್ಲ. ಮಸೀದಿಯಲ್ಲಿ ಮೊದಲ ಸಾಲಿನಲ್ಲಿ ನಿಂತು ನಮಾಝ್ ಮಾಡುವವರು ಕೂಡಾ ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ ಬೇರೆಯೇ ಮನುಷ್ಯರಾಗಿ ಬಿಡುವುದುಂಟು. ಅದೇ ಸಾಲಿನಲ್ಲಿ ನಿಂತಿದ್ದ ಮೇಸ್ತ್ರಿಯು ಯಜಮಾನನು ಅತ್ತ ಹೋದೊಡನೆ ಗಾರೆಯ ಹದವನ್ನೇ ಬದಲಿಸುವುದೂ ಉಂಟು. ಇಬ್ಬರೂ ನಮಾಝ್ ಮುಗಿಸಿಯೇ ಬಂದವರು. ಆದರೆ ಆ ನಮಾಝ್ ಕೆಲಸದ ಸ್ಥಳವನ್ನು ತಲುಪಲಿಲ್ಲ.

ಕೆಲವು ಸಮಯದ ಹಿಂದೆ ಪರಿಚಿತರೊಬ್ಬರು ಅಸರ್ ನಮಾಝ್‌ನ ಬಳಿಕ ನನ್ನನ್ನು ತಮ್ಮ ಹೊಸ ಮನೆಗೆ ಕರೆದೊಯ್ದರು. ಮಗನು ಗಲ್ಫ್‌ನಲ್ಲಿ ಹತ್ತು ವರ್ಷ ದುಡಿದು ಕಳುಹಿಸಿದ ಹಣದಿಂದ ಕಟ್ಟಿದ ಮನೆ. ಮಗಳ ನಿಕಾಹ್‌ಗೆ ಮುಂಚೆ ಮುಗಿಯಬೇಕೆಂಬ ಅವಸರದಲ್ಲಿ ಟೈಲ್ಸ್ ಕೆಲಸವನ್ನು ಚದರ ಅಡಿಯ ಲೆಕ್ಕದಲ್ಲಿ ಗುತ್ತಿಗೆಗೆ ಕೊಟ್ಟಿದ್ದರು. ನಿಕಾಹ್ ಮುಗಿದು ಎರಡು ತಿಂಗಳಾಗಿತ್ತು. ಅಷ್ಟರಲ್ಲೇ ಹಾಲ್‌ನಲ್ಲಿ ಟೈಲ್ಸ್‌ನ ಅಂಚುಗಳು ಕಾಲಿಗೆ ತಾಗುತ್ತಿದ್ದವು. ಅಡುಗೆಮನೆಯಲ್ಲಿ ಎರಡು ಕಡೆ ಬಿರುಕು ಬಿಟ್ಟಿತ್ತು. ಬಚ್ಚಲಿನ ನೀರು ಜಾಲರಿಯತ್ತ ಹೋಗದೆ ಬಾಗಿಲ ಬಳಿ ನಿಲ್ಲುತ್ತಿತ್ತು. ಸುಬಹಿಯ ವುಝೂಗೆಂದು ಹೋದ ಅವರ ವೃದ್ಧ ತಾಯಿ ಆ ನೀರಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು.

“ಬಾಕಿ 22,000 ರೂಪಾಯಿ ಇದೆ. ಒಂದು ಪೈಸೆಯನ್ನೂ ಕೊಡುವುದಿಲ್ಲ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ” ಎಂದರು ಮನೆಯ ಯಜಮಾನರು.

ಮೇಸ್ತ್ರಿಯೂ ಅಲ್ಲಿಯೇ ಇದ್ದ. “ಕೆಲಸ ಮಾಡುವಾಗ ಚೆನ್ನಾಗಿದೆ ಎಂದಿರಿ ಹಾಜಿಯವರೇ, ಹಣ ಕೊಡುವಾಗ ತಪ್ಪು ಕಾಣುತ್ತಿದೆ. ನನ್ನ ಜೊತೆ ದುಡಿದ ಹುಡುಗರಿಗೆ ನಾನು ಎಲ್ಲಿಂದ ತಂದು ಕೊಡಲಿ?” ಎಂದ.

ಪ್ರಿಯ ಓದುಗರೇ, ಇಬ್ಬರೂ ತಾವೇ ಅನ್ಯಾಯಕ್ಕೊಳಗಾದವರೆಂದು ಪ್ರಾಮಾಣಿಕವಾಗಿ ನಂಬಿದ್ದರು. ಇಂತಹ ಜಗಳಗಳು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ನಡೆಯುತ್ತಿರುತ್ತವೆ. ಇದರಲ್ಲಿ ಅಲ್ಲಾಹನು ಮತ್ತು ಅವನ ಸಂದೇಶವಾಹಕರು(ಸ) ನಮಗೆ ತೋರಿಸಿದ ದಾರಿ ಯಾವುದು?

ಮೊದಲು ಕೆಲಸ ಮಾಡುವವನ ವಿಷಯ ನೋಡೋಣ. ಪ್ರವಾದಿವರ್ಯರು(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹಾದು ಹೋಗುತ್ತಿದ್ದರು. ಅದರೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಗಲಿತು. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ವಿಚಾರಿಸಿದಾಗ ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೇಕೆ ಇಡಲಿಲ್ಲ ಎಂದು ಅವರು ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಇಮಾಮ್ ಮುಸ್ಲಿಮ್ ವರದಿ ಮಾಡಿರುವ ಈ ಘಟನೆಯನ್ನು ನಾವೆಲ್ಲರೂ ಜುಮಾ ಪ್ರವಚನಗಳಲ್ಲಿ ಕೇಳಿದ್ದೇವೆ. ಆದರೆ ಅದು ಧಾನ್ಯದ ವ್ಯಾಪಾರಿಗೆ ಮಾತ್ರ ಹೇಳಿದ ಮಾತೆಂದು ಭಾವಿಸುತ್ತೇವೆ. ಗಮನಿಸಿ, ಮಳೆ ಸುರಿದದ್ದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ. ಒದ್ದೆಯನ್ನು ಮರೆಮಾಚಿದ್ದು ಅವನ ತಪ್ಪಾಗಿತ್ತು.

ಟೈಲ್ಸ್ ಕೆಲಸವೆಂದರೆ ಇದೇ ಧಾನ್ಯದ ರಾಶಿ. ಮೇಲ್ಭಾಗ ಹೊಳೆಯುತ್ತದೆ, ಕೆಳಗಿನದು ಯಾರಿಗೂ ಕಾಣುವುದಿಲ್ಲ. ಟೈಲ್ಸ್‌ನ ಬೆನ್ನಿಗೆ ಪೂರ್ತಿಯಾಗಿ ಗಾರೆ ಹಚ್ಚುವ ಬದಲು ನಾಲ್ಕು ಮೂಲೆಗೊಂದು, ನಡುವೆ ಒಂದು ಉಂಡೆ ಇಟ್ಟು ಒತ್ತಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಅಂದಿಗೆ ಯಾರಿಗೂ ತಿಳಿಯುವುದಿಲ್ಲ. ಆದರೆ ಕೆಳಗೆ ಟೊಳ್ಳು ಉಳಿಯುತ್ತದೆ. ಒಂದು ದಿನ ಕೈಜಾರಿ ಪಾತ್ರೆ ಬಿದ್ದಾಗ ಅಲ್ಲಿಯೇ ಒಡೆಯುತ್ತದೆ. ಹಿಂದೆ ಸೆರಾಮಿಕ್ ಟೈಲ್ಸನ್ನು ನೀರಿನಲ್ಲಿ ನೆನೆಸಿ ಸಿಮೆಂಟಿನಲ್ಲಿ ಕೂರಿಸುತ್ತಿದ್ದರು. ಇಂದಿನ ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇಕಡಾ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಆದ್ದರಿಂದ ಬರೀ ಸಿಮೆಂಟು ಅದರ ಬೆನ್ನಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಅದಕ್ಕೆಂದೇ ತಯಾರಾದ ಅಂಟು ಬೇಕು. ಇದನ್ನು ತಿಳಿದೂ ಹೇಳದಿರುವವನು ಒದ್ದೆಯನ್ನು ಮರೆಮಾಚಿದ ವ್ಯಾಪಾರಿಯ ಸಾಲಿಗೇ ಸೇರುತ್ತಾನೆ.

ಕೈಕೆಲಸವನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ಪ್ರವಾದಿ ದಾವೂದ್‌ರಿಗೆ(ಅ) ಅಲ್ಲಾಹನು ಕಬ್ಬಿಣವನ್ನು ಮೆದುಗೊಳಿಸಿ ಕೊಟ್ಟನು. ಕವಚ ತಯಾರಿಸುವಾಗ ಅದರ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂದೂ ಆದೇಶಿಸಿದನು. ಇದನ್ನು ಸಬಾ ಅಧ್ಯಾಯದಲ್ಲಿ ಕಾಣಬಹುದು. ಒಬ್ಬ ಪ್ರವಾದಿಗೆ, ಅದೂ ಒಬ್ಬ ಅರಸನಿಗೆ, ಕೊಂಡಿಯ ಅಳತೆಯ ಬಗ್ಗೆ ಆದೇಶ! ಅದೇ ಸೂಕ್ತವು, ನೀವು ಮಾಡುವುದನ್ನೆಲ್ಲ ಅಲ್ಲಾಹನು ನೋಡುತ್ತಿದ್ದಾನೆಂಬ ಎಚ್ಚರಿಕೆಯೊಂದಿಗೆ ಮುಗಿಯುತ್ತದೆ. ಮದೀನಾದಲ್ಲಿ ಪ್ರವಾದಿಯವರ(ಸ) ಮಸೀದಿ ಕಟ್ಟುತ್ತಿದ್ದಾಗ ಯಮಾಮದಿಂದ ಬಂದ ತಲ್ಕ್ ಬಿನ್ ಅಲಿ(ರ) ಮಣ್ಣು ಕಲಸುವ ಕೆಲಸಕ್ಕೆ ನಿಂತರು. ಅವರ ಕೈಚಳಕವನ್ನು ಕಂಡು, ಮಣ್ಣಿನ ಕೆಲಸವನ್ನು ಅವರಿಗೇ ಬಿಡಿ, ಅದನ್ನು ಅವರು ಚೆನ್ನಾಗಿ ಬಲ್ಲರು ಎಂಬರ್ಥದಲ್ಲಿ ಪ್ರವಾದಿ(ಸ) ಹೇಳಿದರೆಂದು ವರದಿಯಾಗಿದೆ. ಮಣ್ಣು ಕಲಸುವ ಕುಶಲತೆಗೂ ಅವರ(ಸ) ಮೆಚ್ಚುಗೆ ದೊರೆಯಿತು. ಗಾರೆ ಕಲಸುವ ನಮ್ಮ ಸಹೋದರರಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೇ?

ಇನ್ನು ಮನೆಯ ಯಜಮಾನನ ವಿಷಯ. ಕೆಲಸದಲ್ಲಿ ಕೊರತೆ ಕಂಡಾಗ ನಮಗೆ ಮೊದಲು ಹೊಳೆಯುವುದು ಬಾಕಿ ಹಣವನ್ನು ತಡೆದಿಡುವುದು. ಆ ಹಣ ನಮ್ಮ ಕೈಯಲ್ಲಿರುವುದರಿಂದ ಅದು ನಮ್ಮದೇ ಎಂಬ ಭಾವನೆ ಬಂದುಬಿಡುತ್ತದೆ. ಆದರೆ ಸರಿಯಾಗಿ ಮಾಡಿದ ಕೆಲಸದ ಕೂಲಿ ನಮ್ಮ ಹಣವಲ್ಲ. ಅದು ನಮ್ಮ ಬಳಿಯಿರುವ ಪರರ ಸೊತ್ತು. ಕೂಲಿಯಾಳಿನ ಬೆವರು ಆರುವ ಮುನ್ನವೇ ಕೂಲಿ ಕೊಡಬೇಕೆಂಬ ಪ್ರವಾದಿವಚನ ಇಬ್ನು ಮಾಜದಲ್ಲಿದೆ. ಪುನರುತ್ಥಾನ ದಿನ ಅಲ್ಲಾಹನೇ ಮೂರು ಬಗೆಯ ಜನರ ವಿರುದ್ಧ ವಾದಿಯಾಗಿ ನಿಲ್ಲುವನೆಂದೂ, ಪೂರ್ಣ ಕೆಲಸ ಪಡೆದು ಕೂಲಿ ಕೊಡದವನು ಅವರಲ್ಲೊಬ್ಬನೆಂದೂ ಬುಖಾರಿಯ ವರದಿಯೊಂದು ತಿಳಿಸುತ್ತದೆ. ನಮ್ಮೆದುರು ಮೇಸ್ತ್ರಿ ವಾದಿಯಾಗಿದ್ದರೆ ಉತ್ತರ ಹೇಳಬಹುದು. ಸ್ವತಃ ಅಲ್ಲಾಹನು ವಾದಿಯಾದರೆ ನಮ್ಮ ಪರವಾಗಿ ಯಾರು ಮಾತನಾಡುವರು?

ಹಾಗೆಂದು ಕೆಟ್ಟ ಕೆಲಸವನ್ನು ಬಾಯಿಮುಚ್ಚಿ ಸಹಿಸಬೇಕೆಂದು ಧರ್ಮ ಹೇಳುವುದಿಲ್ಲ. ದಿನಗೂಲಿಯವನಿಗೂ ಗುತ್ತಿಗೆಯವನಿಗೂ ಫಿಕ್‌ಹ್ ವಿದ್ವಾಂಸರು ವ್ಯತ್ಯಾಸ ಮಾಡಿದ್ದಾರೆ. ದಿನಗೂಲಿಗೆ ದುಡಿಯುವವನು ನಿರ್ಲಕ್ಷ್ಯ ಮಾಡಿದ್ದರೆ ಅಥವಾ ಬೇಕೆಂದೇ ಕೆಡಿಸಿದ್ದರೆ ಮಾತ್ರ ನಷ್ಟಕ್ಕೆ ಹೊಣೆ. ಇಡೀ ಕೆಲಸವನ್ನು ಗುತ್ತಿಗೆ ಹಿಡಿದವನು ತನ್ನ ಕೈಯಿಂದಾದ ಹಾನಿಗೆ ಹೊಣೆಗಾರನೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆದ್ದರಿಂದ ಕೊರತೆಯ ಲೆಕ್ಕ ಕೇಳುವುದು ನಿಮ್ಮ ಹಕ್ಕು. ಆದರೆ ಅದು ಲೆಕ್ಕವಾಗಿರಬೇಕು, ಸೇಡಾಗಿರಬಾರದು. ಒಂದು ಜನತೆಯ ಮೇಲಿನ ದ್ವೇಷವು ಸಹ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಅಲ್ ಮಾಇದ ಅಧ್ಯಾಯದ 8ನೇ ಸೂಕ್ತ ಆದೇಶಿಸುತ್ತದೆ. ವೈರಿಗೂ ನ್ಯಾಯ ಕೊಡಬೇಕಾದ ನಾವು ಒಬ್ಬ ಮೇಸ್ತ್ರಿಗೆ ಕೊಡಲಾರೆವೇ?

ಮತ್ತೆ ಆ ಮನೆಗೆ ಬರೋಣ. ಇಬ್ಬರೂ ಒಪ್ಪಿದ ಮೇಲೆ ಬೇರೆ ಊರಿನ ಅನುಭವಸ್ಥ ಮೇಸ್ತ್ರಿಯೊಬ್ಬರನ್ನು ಕರೆಸಲಾಯಿತು. ಅವರು ಯಾರ ಮಾತನ್ನೂ ಕೇಳುವ ಮೊದಲು ನೆಲವನ್ನು ‘ಕೇಳಿದರು’. ನಾಣ್ಯದಿಂದ ಒಂದೊಂದೇ ಟೈಲ್ಸನ್ನು ಬಡಿಯುತ್ತಾ ಹೋದರು. ಗಟ್ಟಿ ಸದ್ದು ಬಂದಲ್ಲಿ ಬಿಟ್ಟರು. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದರು. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಅದು ಎತ್ತ ಹರಿಯುತ್ತದೆಂದು ನೋಡಿದರು. ಜಾಲರಿಯ ಕಡೆಗೆ ಒಂದು ಮೀಟರಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಬೇಕು. ರಸಮಟ್ಟ ಇಟ್ಟಾಗ ಅಲ್ಲಿ ಅದು ಇರಲಿಲ್ಲ. ಅಡುಗೆಮನೆಯ ಒಡೆದ ಟೈಲ್ಸನ್ನು ಎಬ್ಬಿಸಿದಾಗ ಕೆಳಗೆ ಐದು ಉಂಡೆ ಸಿಮೆಂಟು, ಉಳಿದಂತೆ ಖಾಲಿ. ಗುತ್ತಿಗೆಯ ಮೇಸ್ತ್ರಿ ತಲೆ ತಗ್ಗಿಸಿದ.

ಆ ಬಳಿಕ ಅವರು ಹಾಲ್‌ಗೆ ಬಂದರು. ಉಳಿದಿದ್ದ ಪೆಟ್ಟಿಗೆಯಿಂದ ಎರಡು ಟೈಲ್ಸ್ ತೆಗೆದು ಮುಖಕ್ಕೆ ಮುಖ ಕೊಟ್ಟು ಇಟ್ಟರು. ಅವು ಒಂದರ ಮೇಲೊಂದು ಅಲುಗಾಡಿದವು. ಟೈಲ್ಸೇ ಬಾಗಿತ್ತು, ಯಾರು ಹಾಕಿದರೂ ಅಂಚು ಕೂಡುತ್ತಿರಲಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅದನ್ನು ತಂದವರು ಸ್ವತಃ ಯಜಮಾನರು. ಮೊದಲ ದಿನವೇ ಮೇಸ್ತ್ರಿ ಅದನ್ನು ತೋರಿಸಿದ್ದ. “ಸಮಯವಿಲ್ಲ, ಅದನ್ನೇ ಹಾಕು” ಎಂದವರೂ ಅವರೇ. ಈಗ ತಲೆ ತಗ್ಗಿಸುವ ಸರದಿ ಅವರದಾಯಿತು.

ಅಂದು ಮಗ್ರಿಬ್‌ಗೆ ಮುಂಚೆ ತೀರ್ಮಾನವಾಯಿತು. ಬಚ್ಚಲು ಮತ್ತು ಅಡುಗೆಮನೆಯ ಕೆಲಸವನ್ನು ಮೇಸ್ತ್ರಿ ಕೂಲಿಯಿಲ್ಲದೆ ಮತ್ತೆ ಮಾಡಬೇಕು. ಅದಕ್ಕೆ ಬೇಕಾದ ಟೈಲ್ಸ್, ಅಂಟು ಇತ್ಯಾದಿಗಳ ಬೆಲೆ 5,000 ರೂಪಾಯಿ ಅವನ ಬಾಕಿಯಿಂದ ಕಳೆಯಬೇಕು. ಹಾಲ್‌ನ ಕೂಲಿಯನ್ನು ಪೂರ್ತಿ ಕೊಡಬೇಕು. 12,000 ರೂಪಾಯಿಯನ್ನು ಅಲ್ಲಿಯೇ ಎಣಿಸಿ ಕೊಡಲಾಯಿತು. ಉಳಿದ 5,000 ರೂಪಾಯಿ ದುರಸ್ತಿ ಮುಗಿದ ದಿನಕ್ಕೆ. ಹಣ ಕೈಗೆ ಬಂದೊಡನೆ ಮೇಸ್ತ್ರಿ ಹೊರಗೆ ಕಾಯುತ್ತಿದ್ದ ಇಬ್ಬರು ಸಹಾಯಕ ಹುಡುಗರ ಕೂಲಿಯನ್ನು ಕೊಟ್ಟ. ಸಿಮೆಂಟು ಹೊತ್ತ ಆ ಹುಡುಗರು ಯಾವ ತಪ್ಪನ್ನೂ ಮಾಡಿರಲಿಲ್ಲ. ಎರಡು ತಿಂಗಳಿನಿಂದ ಯಜಮಾನರ ಸಿಟ್ಟಿನ ದಂಡ ತೆತ್ತವರು ಅವರೇ ಆಗಿದ್ದರು. ಆಮೇಲೆ ಮೇಸ್ತ್ರಿ ಒಳಗೆ ಹೋಗಿ, ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಆ ತಾಯಿಯ ಬಳಿ ಕ್ಷಮೆ ಕೇಳಿದ. ಮುರಿದ ಮಣಿಕಟ್ಟಿಗೆ ರೂಪಾಯಿಯ ಲೆಕ್ಕದಲ್ಲಿ ಉತ್ತರವಿರಲಿಲ್ಲ. ಆ ಲೆಕ್ಕವನ್ನು ಆ ತಾಯಿಯೇ ಮನ್ನಿಸಿದರು.

ಸಹೋದರ ಸಹೋದರಿಯರೇ, ಕೆಲಸದ ಕೊರತೆ ಒಂದು ಲೆಕ್ಕ, ಕೂಲಿಯ ಹಕ್ಕು ಇನ್ನೊಂದು ಲೆಕ್ಕ. ಒಂದರ ಸಿಟ್ಟಿನಲ್ಲಿ ಇನ್ನೊಂದನ್ನು ನುಂಗಬಾರದು. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಅಲ್ ಮುತಫ್ಫಿಫೀನ್ ಅಧ್ಯಾಯವು ತನಗೆ ಬರುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶದ ಎಚ್ಚರಿಕೆ ನೀಡುತ್ತದೆ. ಪೂರ್ತಿ ಕೂಲಿ ಪಡೆದು ಅರ್ಧ ಗಾರೆ ಹಾಕುವ ಮೇಸ್ತ್ರಿಗೆ ಇದು ಅನ್ವಯಿಸುವಂತೆಯೇ, ಪೂರ್ತಿ ಕೆಲಸ ಬಯಸಿ ಅರ್ಧ ಕೂಲಿ ಕೊಡುವ ಯಜಮಾನನಿಗೂ ಅನ್ವಯಿಸುತ್ತದೆ.

ಇಂತಹ ಜಗಳ ಬರದಂತೆ ಮೊದಲೇ ಎಚ್ಚರ ವಹಿಸುವುದು ಉತ್ತಮ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅಲ್ ಬಕರ ಅಧ್ಯಾಯ ಕಲಿಸಿದೆ. ಮನೆಯ ಕೆಲಸಕ್ಕೂ ಅದೇ ಶಿಸ್ತನ್ನು ಪಾಲಿಸಿರಿ. ಚದರ ಅಡಿಗೆ ಎಷ್ಟು, ಅಂಟು ಯಾರು ತರಬೇಕು, ಯಾವ ಹಂತದಲ್ಲಿ ಎಷ್ಟು ಹಣ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿರಿ. ಟೈಲ್ಸ್ ಕೂರಿಸುವ ಮೊದಲು ಬಚ್ಚಲಿನಲ್ಲಿ 24 ಗಂಟೆ ನೀರು ನಿಲ್ಲಿಸಿ ಸೋರಿಕೆ ಪರೀಕ್ಷಿಸಿರಿ. ಪ್ರತಿದಿನ ಸಂಜೆ ಅಂದಿನ ಕೆಲಸ ನೋಡಿ, ತಪ್ಪಿದ್ದರೆ ಅಂದೇ ಸೌಮ್ಯವಾಗಿ ಹೇಳಿರಿ. ಗಾರೆ ಹಸಿಯಾಗಿದ್ದಾಗ ತಿದ್ದುವುದು ಸುಲಭ, ಮನಸ್ಸೂ ಹಾಗೆಯೇ.

ಇಷ್ಟಾದರೂ ಜಗಳ ಬಂದರೆ ಮೇಸ್ತ್ರಿಗೆ ಸರಿಪಡಿಸುವ ಅವಕಾಶ ಕೊಡಿರಿ. ಆಗದಿದ್ದರೆ ಇಬ್ಬರೂ ಒಪ್ಪುವ ಬಲ್ಲವರನ್ನು ಮಧ್ಯಸ್ಥರನ್ನಾಗಿ ಮಾಡಿರಿ. ಗುತ್ತಿಗೆದಾರನು ಯಾವುದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅದು ಧರ್ಮಕ್ಕೆ ವಿರುದ್ಧವಲ್ಲ. ಆದರೆ ಅಲ್ಲಿಯೂ ಸತ್ಯವನ್ನೇ ಹೇಳಿರಿ. ಮಾತಿನ ಬಲದಿಂದ ತನ್ನ ಸಹೋದರನ ಹಕ್ಕನ್ನು ಗೆದ್ದುಕೊಂಡವನು ನರಕಾಗ್ನಿಯ ತುಣುಕೊಂದನ್ನು ಪಡೆದಂತೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ನ್ಯಾಯ ಕೊಡಬಲ್ಲವರ ಮುಂದೆ ದೂರುವುದನ್ನೂ ಸಲಹೆ ಕೇಳಿದವರಿಗೆ ನಿಜ ಹೇಳುವುದನ್ನೂ ಇಮಾಮ್ ನವವಿ ಸಮ್ಮತ ಕಾರಣಗಳಲ್ಲಿ ಎಣಿಸಿದ್ದಾರೆ. ಮದುವೆ ಮನೆಯಲ್ಲಿ, ಅಂಗಡಿ ಕಟ್ಟೆಯಲ್ಲಿ ಅವನ ಹೆಸರೆತ್ತಿ ಆಡಿಕೊಳ್ಳುವುದು ಅದರಲ್ಲಿ ಸೇರಿಲ್ಲ, ಅದು ಪರದೂಷಣೆ.

ನಾವು ನಮಾಝ್‌ಗೆ ಚಾಪೆ ಹಾಸುವುದು ಇದೇ ನೆಲದ ಮೇಲೆ. ನಮ್ಮ ಹಣೆ ಸುಜೂದ್‌ನಲ್ಲಿ ತಾಗುವುದು ಇದೇ ನೆಲಕ್ಕೆ. ಅದರಡಿಯಲ್ಲಿ ಕೆಲಸಗಾರನ ವಂಚನೆಯೂ ಇರಬಾರದು, ಕೊಡದೆ ಉಳಿಸಿಕೊಂಡ ಕೂಲಿಯೂ ಇರಬಾರದು. ಇಂದು ನಿಮ್ಮ ಬಳಿ ಯಾವುದಾದರೂ ಕೆಲಸಗಾರನ ಬಾಕಿ ಉಳಿದಿದ್ದರೆ ಇಶಾಗೆ ಮುಂಚೆ ಒಮ್ಮೆ ಆ ಲೆಕ್ಕ ತೆರೆದು ನೋಡಿರಿ.

ನಮ್ಮ ಕೈಗಳ ಕೆಲಸವನ್ನೂ ನಮ್ಮ ಕೈಯಲ್ಲಿರುವ ಪರರ ಹಕ್ಕನ್ನೂ ಸರಿಯಾಗಿ ತೀರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.