ದಕ್ಷಿಣಕ್ಕೆ ತೆರೆದ ಮನೆಯ ತರ್ಕ

ಚೆಲುವು ಬೇರೆ, ಉಪಯೋಗ ಬೇರೆಯೇ ಎಂಬ ಪ್ರಶ್ನೆಗೆ ಗ್ರೀಕ್ ತತ್ತ್ವಚಿಂತನೆ ಕೊಟ್ಟ ನೇರವಾದ ಉತ್ತರಗಳಲ್ಲೊಂದು ಬಿಸಿಲನ್ನು ಬಳಸಿಕೊಳ್ಳುವ ಮನೆಯನ್ನು ಕುರಿತದ್ದು. ಅದು ಕ್ಸೆನೊಫೋನನ ‘ಮೆಮೊರಬಿಲಿಯ’ದ ಮೂರನೆಯ ಪುಸ್ತಕದಲ್ಲಿದೆ. ಅಲ್ಲಿ ಅರಿಸ್ಟಿಪ್ಪಸ್ ಎಂಬವನು ಸಾಕ್ರಟೀಸನನ್ನು ಮಾತಿನಲ್ಲಿ ಸಿಕ್ಕಿಸಲೆಂದೇ ಬಂದು, ಒಳ್ಳೆಯದು ಎಂಬುದು ಯಾವುದಾದರೂ ಗೊತ್ತೇ ಎಂದು ಕೇಳುತ್ತಾನೆ. ಯಾವುದಕ್ಕೆ ಒಳ್ಳೆಯದು, ಜ್ವರಕ್ಕೋ, ಕಣ್ಣುಬೇನೆಗೋ, ಹಸಿವಿಗೋ ಎಂದು ಸಾಕ್ರಟೀಸ್ ಮರುಪ್ರಶ್ನೆ ಹಾಕುತ್ತಾನೆ. ಚೆಲುವಿಗೂ ಇದೇ ಲೆಕ್ಕ. ತನ್ನ ಕೆಲಸಕ್ಕೆ ಚೆನ್ನಾಗಿ ಒದಗುವ ಗೊಬ್ಬರದ ಬುಟ್ಟಿ ಸುಂದರ, ಒದಗದ ಚಿನ್ನದ ಗುರಾಣಿ ಕುರೂಪ.

ಮನೆಯ ಮಾತು ಬರುವುದು ಇದರ ಬೆನ್ನಿಗೇ. ಬೇಸಿಗೆಯಲ್ಲಿ ತಂಪಾಗಿ, ಚಳಿಗಾಲದಲ್ಲಿ ಬೆಚ್ಚಗೆ ಇರುವ ಮನೆಯೇ ವಾಸಕ್ಕೆ ಹಿತ ಎಂಬುದನ್ನು ಯಾರೂ ಅಲ್ಲಗಳೆಯರು. ದಕ್ಷಿಣಕ್ಕೆ ತೆರೆದ ಮನೆಯ ಪಡಸಾಲೆಗೆ ಚಳಿಗಾಲದ ಬಿಸಿಲು ಒಳಬರುತ್ತದೆ. ಬೇಸಿಗೆಯ ಸೂರ್ಯ ತಲೆಯ ಮೇಲೆ, ಮಾಡಿನ ಮೇಲೆ ಹಾದುಹೋಗುವುದರಿಂದ ಒಳಗೆ ನೆರಳಿರುತ್ತದೆ. ಆದ್ದರಿಂದ ದಕ್ಷಿಣದ ಭಾಗವನ್ನು ಎತ್ತರಿಸಬೇಕು, ಚಳಿಗಾಳಿ ಬಡಿಯದಂತೆ ಉತ್ತರದ ಭಾಗವನ್ನು ತಗ್ಗಿಸಬೇಕು. ಎಲ್ಲ ಕಾಲದಲ್ಲೂ ಯಜಮಾನನಿಗೆ ಹಿತವಾದ ಆಸರೆ, ಅವನ ಸಾಮಾನಿಗೆ ಭದ್ರವಾದ ಜಾಗ ಇಷ್ಟಿದ್ದರೆ ಅದೇ ಸುಂದರವಾದ ಮನೆ. ಗೋಡೆಯ ಚಿತ್ರ, ಅಲಂಕಾರಗಳು ಕೊಡುವ ಸುಖಕ್ಕಿಂತ ಕಸಿದುಕೊಳ್ಳುವ ಸುಖವೇ ಹೆಚ್ಚು ಎಂದೂ ಸಾಕ್ರಟೀಸ್ ಸೇರಿಸುತ್ತಾನೆ. ಈ ಕೊನೆಯ ಮಾತಿಗೆ ಅವನು ಪುರಾವೆ ಕೊಡುವುದಿಲ್ಲ.

ಉಳಿದ ಮಾತಿಗೆ ಪುರಾವೆ ಆಕಾಶದಲ್ಲೇ ಇದೆ. ಸಾಕ್ರಟೀಸನ ಊರಾದ ಅಥೆನ್ಸ್ ಇರುವುದು ಸುಮಾರು 38 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲು ಅಲ್ಲಿ ಸೂರ್ಯ ದಿಗಂತದಿಂದ ಏರುವುದು 28 ಡಿಗ್ರಿಗಿಂತ ತುಸು ಹೆಚ್ಚು. ಜೂನ್ 21ಕ್ಕೆ 75 ಡಿಗ್ರಿ ದಾಟುತ್ತಾನೆ. ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿ ಒಂದು ಮೀಟರ್ ಹೊರಚಾಚಿದ ಸೂರು ಇದೆಯೆಂದುಕೊಂಡರೆ, ಜೂನ್ ಮಧ್ಯಾಹ್ನ ಅದರ ನೆರಳು ತೆರವನ್ನು ನೆಲದವರೆಗೂ ಮುಚ್ಚುತ್ತದೆ. ಡಿಸೆಂಬರಿನಲ್ಲಿ ಅದೇ ಸೂರಿನ ನೆರಳು ಅರ್ಧ ಮೀಟರಿನಷ್ಟು ಮಾತ್ರ ಇಳಿದು, ಬಿಸಿಲು ಒಳಗೆ ಸುಮಾರು ಮೂರೂವರೆ ಮೀಟರಿನವರೆಗೆ ನೆಲದ ಮೇಲೆ ಹರಡುತ್ತದೆ. ಮಣ್ಣಿನ ನೆಲ, ಹಸಿ ಇಟ್ಟಿಗೆಯ ದಪ್ಪ ಗೋಡೆ ಹಗಲು ಹೀರಿದ ಕಾವನ್ನು ರಾತ್ರಿ ನಿಧಾನವಾಗಿ ಬಿಡುತ್ತವೆ. ಯಂತ್ರವೂ ಬೇಡ, ಉರಿಯುವ ಸೌದೆಯೂ ಅಷ್ಟು ಬೇಡ.

ಈ ಲೆಕ್ಕದಲ್ಲಿ ಒಂದು ಕುಂದಿದೆ. ಮಾರ್ಚ್ 21ಕ್ಕೂ ಸೆಪ್ಟೆಂಬರ್ 23ಕ್ಕೂ ಸೂರ್ಯನ ಎತ್ತರ ಒಂದೇ, ಹವೆ ಮಾತ್ರ ಒಂದಲ್ಲ. ಮಾರ್ಚಿನಲ್ಲಿ ನೆಲ ಇನ್ನೂ ತಣ್ಣಗಿರುತ್ತದೆ, ಸೆಪ್ಟೆಂಬರಿನಲ್ಲಿ ಬೇಸಿಗೆಯ ಕಾವು ಆರಿರುವುದಿಲ್ಲ. ಅಲ್ಲಾಡದ ಸೂರು ಇವೆರಡನ್ನೂ ಒಂದೇ ಎಂದು ಭಾವಿಸುತ್ತದೆ. ತಡವಾಗಿ ಚಿಗುರಿ ತಡವಾಗಿ ಎಲೆ ಉದುರಿಸುವ ದ್ರಾಕ್ಷಿಯ ಚಪ್ಪರ ಈ ವಿಷಯದಲ್ಲಿ ಸೂರಿಗಿಂತ ಜಾಣ.

ಸಾಕ್ರಟೀಸ್ ಹೇಳಿದ್ದು ಬರಿಯ ವಾದವಲ್ಲ ಎನ್ನಲು ಉತ್ತರ ಗ್ರೀಸಿನ ಒಲಿಂಥಸ್ ಸಾಕ್ಷಿ. ಮ್ಯಾಸಿಡೋನಿಯದ ದೊರೆ ಫಿಲಿಪ್ ಕ್ರಿ.ಪೂ. 348ರಲ್ಲಿ ನಾಶಮಾಡಿದ ಈ ಊರನ್ನು ಡೇವಿಡ್ ರಾಬಿನ್ಸನ್ 1928ರಿಂದ ಅಗೆಸಿದಾಗ ನೂರಕ್ಕೂ ಹೆಚ್ಚು ಮನೆಗಳ ತಳಪಾಯ ಸಿಕ್ಕಿತು. ಬಹುಪಾಲು ಮನೆಗಳಲ್ಲಿ ಅಂಗಳ ದಕ್ಷಿಣದ ಕಡೆಗೆ, ಅದರ ಉತ್ತರಕ್ಕೆ ಉದ್ದನೆಯ ಪಡಸಾಲೆ, ಅದರ ಹಿಂದೆ ಕೋಣೆಗಳು. ಬೀದಿ ಉತ್ತರಕ್ಕಿದ್ದರೆ ಬಾಗಿಲು ಉತ್ತರಕ್ಕೆ, ದಕ್ಷಿಣಕ್ಕಿದ್ದರೆ ದಕ್ಷಿಣಕ್ಕೆ. ಕೋಣೆಗಳು ಮುಖ ಮಾಡಿದ ದಿಕ್ಕು ಮಾತ್ರ ಬದಲಾಗಲಿಲ್ಲ. ಆ ಊರಿನವರಿಗೆ ಮನೆಯ ದಿಕ್ಕೆಂದರೆ ಬಾಗಿಲಿನ ದಿಕ್ಕಲ್ಲ, ಬಿಸಿಲು ಬರುವ ದಿಕ್ಕು.

ಉಪಯುಕ್ತವಾದುದೇ ಸುಂದರ ಎಂಬ ಮೂಲ ವಾದ ಮಾತ್ರ ಇಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಪ್ಲೇಟೊವಿನ ‘ಹಿಪ್ಪಿಯಸ್ ಮೇಜರ್’ ಸಂವಾದದಲ್ಲಿ ಸಾಕ್ರಟೀಸನೇ ಇದನ್ನು ಕೈಗೆತ್ತಿಕೊಂಡು ಕೈಬಿಡುತ್ತಾನೆ: ಕೆಡುಕು ಮಾಡಲು ಒದಗುವುದೂ ಉಪಯುಕ್ತವೇ, ಅದನ್ನು ಸುಂದರ ಎನ್ನುವುದು ಹೇಗೆ? 1790ರಲ್ಲಿ ಕಾಂಟ್ ಬೇರೊಂದು ದಾರಿ ತೋರಿಸಿದ. ಹೂವಿನ ಚೆಲುವು ಯಾವ ಉದ್ದೇಶದ ಹಂಗಿಗೂ ಒಳಗಾಗದು. ಕಟ್ಟಡದ ಚೆಲುವು ಅದು ಏತಕ್ಕಾಗಿ ಇದೆಯೋ ಆ ಕಲ್ಪನೆಗೆ ಅಂಟಿಕೊಂಡದ್ದು. ಹಾಗೆ ನೋಡಿದರೆ ಬಿಸಿಲಿಗೆ ಹೊಂದುವುದು ಮನೆಯ ಚೆಲುವಿಗೆ ಒಂದು ಷರತ್ತು, ಅದೇ ಚೆಲುವಲ್ಲ. ಈ ಹಂಚಿಕೆ ಕ್ಸೆನೊಫೋನನ ಸಾಕ್ರಟೀಸನ ಮಾತಿಗಿಂತ ಹೆಚ್ಚು ಒಪ್ಪುವಂಥದ್ದು.

ಮನೆಯ ಮಾತು ಮುಗಿಸಿದ ಮೇಲೆ ಸಾಕ್ರಟೀಸ್ ಗುಡಿಗೆ ಬರುತ್ತಾನೆ. ಈ ಭಾಗವನ್ನು ಸೌರ ವಾಸ್ತುಶಿಲ್ಪದ ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಗುಡಿ, ಬಲಿಪೀಠಗಳು ಇರಬೇಕಾದದ್ದು ದೂರದಿಂದ ಕಾಣುವ, ಜನ ತುಳಿಯದ ಜಾಗದಲ್ಲಿ: ಕಂಡೊಡನೆ ಕೈಮುಗಿಯುವುದು ಹಿತ, ಶುದ್ಧರಾಗಿ ಹತ್ತಿರ ಹೋಗುವುದು ಹಿತ. ಚಳಿ, ಬಿಸಿಲು, ಗಾಳಿಯ ಸುದ್ದಿಯೇ ಇಲ್ಲ. ಮನುಷ್ಯರ ಮನೆಗೂ ದೇವರ ಮನೆಗೂ ಅವನು ಬೇರೆ ಬೇರೆ ಕಾರಣ ಕೊಡುತ್ತಾನೆ.

ವಾಸ್ತುಶಾಸ್ತ್ರ ಈ ಎರಡನ್ನೂ ಒಂದೇ ಮಂಡಲದೊಳಗೆ ತರುತ್ತದೆ. ವಾಸ್ತುಪುರುಷನ ಚೌಕದಲ್ಲಿ ಆಗ್ನೇಯ ಅಗ್ನಿಯದು, ದಕ್ಷಿಣ ಯಮನದು, ಈಶಾನ್ಯ ಈಶನದು. ವಾಸದ ಮನೆಯೂ ದೇವತೆಗಳ ನೆಲೆ. ಇದನ್ನು ಶ್ರದ್ಧೆಯ ಮಾತಾಗಿ ಇಟ್ಟುಕೊಂಡರೆ ಬಿಸಿಲಿನ ಲೆಕ್ಕ ಅದನ್ನು ಮುಟ್ಟಲಾರದು. ತೊಡಕು ಬರುವುದು ಶ್ರದ್ಧೆಗೆ ವಿಜ್ಞಾನದ ಅಂಗಿ ತೊಡಿಸಿದಾಗ. ಆಗ್ನೇಯದ ಅಡುಗೆಮನೆಗೆ ಎಳೆಬಿಸಿಲು ಬರಲೆಂದೇ ಹಿರಿಯರು ಹಾಗೆ ವಿಧಿಸಿದರು ಎಂದರೆ, ಆ ವಿಧಿ ಅಕ್ಷಾಂಶಕ್ಕೂ ಹವೆಗೂ ತಕ್ಕಂತೆ ಬದಲಾಗಲು ಒಪ್ಪಬೇಕಾಗುತ್ತದೆ. ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಒಪ್ಪಿದ್ದ: ಚಳಿಯ ನಾಡಿನಲ್ಲಿ ಮುಚ್ಚಿದ, ಬಿಸಿಲಿನ ಕಡೆಗೆ ತಿರುಗಿದ ಮನೆ, ಸೆಕೆಯ ನಾಡಿನಲ್ಲಿ ತೆರೆದ, ಉತ್ತರಕ್ಕೋ ಈಶಾನ್ಯಕ್ಕೋ ತಿರುಗಿದ ಮನೆ ಎಂದು ಅವನು ಬರೆದ.

ಬೆಂಗಳೂರಿಗೆ ಬಂದರೆ ಸಾಕ್ರಟೀಸನ ಮನೆ ತನ್ನ ಕಾರಣವನ್ನೇ ಕಳೆದುಕೊಳ್ಳುತ್ತದೆ. ಸುಮಾರು 13 ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಡಿಸೆಂಬರಿನ ನಡುಹಗಲೂ ಸೂರ್ಯ 53 ಡಿಗ್ರಿಯ ಮೇಲಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನಲ್ಲಿ ಅವನಿರುವುದು ಉತ್ತರದ ಕಡೆಗೆ. ಹಿಡಿದಿಡಬೇಕಾದಷ್ಟು ಚಳಿಯಿಲ್ಲ. ತಡೆಯಬೇಕಾದದ್ದು ಪಶ್ಚಿಮದ ಇಳಿಬಿಸಿಲು, ಬೇಕಾದದ್ದು ಅಡ್ಡಗಾಳಿ. ತೊಟ್ಟಿಮನೆಯ ಇಳಿಮಾಡು, ನಡುವಿನ ತೆರವು ಇವೆರಡಕ್ಕೂ ಒದಗುತ್ತವೆ, ಬಾಗಿಲು ಯಾವ ಕಡೆಗಿದ್ದರೂ. ಸೈಟಿನ ಬೆಲೆ ಏರುವುದು ಮಾತ್ರ ಪೂರ್ವ, ಉತ್ತರದ ಬಾಗಿಲಿಗೆ. ಅತ್ತ 34 ಡಿಗ್ರಿಯ ಲೇಹ್ ಬಳಿ, ಫೇ ಊರಿನ ಸೆಕ್ಮಾಲ್ ಶಾಲೆಯ ಮಣ್ಣಿನ ಕಟ್ಟಡಗಳು ದಕ್ಷಿಣಕ್ಕೆ ಮುಖಮಾಡಿ ನಿಂತಿವೆ. ಲಡಾಖಿನ ಕಡುಚಳಿಯಲ್ಲಿ ಅವುಗಳ ಕೋಣೆಗಳನ್ನು ಬೆಚ್ಚಗಿಡುವುದು ಯಮನ ದಿಕ್ಕಿನಿಂದ ಬರುವ ಬಿಸಿಲು.