ಯಾರ ಬಳೆ?

ಸಾಗರದ ಬ್ಯಾಂಕ್ ಶಾಖೆಯೊಂದರ ಒಡವೆ ಸಾಲದ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತವನು ನಾನು. ಅಡಿಕೆ ಇನ್ನೂ ಮರದ ಮೇಲಿರುವ, ಕೈಯಲ್ಲಿ ಕಾಸಿಲ್ಲದ ಮಳೆಗಾಲದಲ್ಲಿ ಗಂಡಸರು ಕರವಸ್ತ್ರದಲ್ಲಿ ಬಳೆ ಕಟ್ಟಿಕೊಂಡು ಬರುತ್ತಿದ್ದರು. ಅಕ್ಕಸಾಲಿಗ ಒರೆಗೆ ಹಚ್ಚಿ, ತೂಗಿ, ಬೆಲೆ ಹೇಳುತ್ತಿದ್ದ. ಅರ್ಜಿಯ ಕೊನೆಗೆ ‘ಒಡವೆ ನನ್ನದೇ’ ಎಂಬ ಸಾಲು, ಅದರಡಿ ಗಂಡನ ರುಜು. ಆ ಬಳೆ ಅವನ ಕೈಗೆ ಹೋಗುವಂಥದ್ದಲ್ಲ ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ನಾನು ಒಮ್ಮೆಯೂ ಕೇಳಲಿಲ್ಲ. ಒರೆಗಲ್ಲು ಚಿನ್ನದ ಗುಣ ಹೇಳುತ್ತದೆ, ಒಡೆತನ ಹೇಳುವುದಿಲ್ಲ.

ಇದು ನೆನಪಾದದ್ದು 2022ರ ಏಪ್ರಿಲ್‌ನಲ್ಲಿ, ನ್ಯೂಜೆರ್ಸಿಯ ಎಡಿಸನ್‌ನ ಮಗನ ಮನೆಯಲ್ಲಿ. ರಾತ್ರಿ ಊಟ ಮುಗಿಸಿ ಅವನು ಸಿಟ್ಟಿನಿಂದ ಪತ್ರವೊಂದನ್ನು ಟೈಪ್ ಮಾಡುತ್ತಿದ್ದ. ಅಮೆರಿಕದ ಬ್ರೋಕರುಗಳ ಮೇಲೆ ಕಣ್ಣಿಡುವ ಫಿನ್ರಾ ಎಂಬ ಸಂಸ್ಥೆ ಹಿಂದಿನ ತಿಂಗಳು ಜನರ ಅಭಿಪ್ರಾಯ ಕೇಳಿತ್ತು: ಜಟಿಲ ಫಂಡುಗಳನ್ನು ಸಾಮಾನ್ಯ ಹೂಡಿಕೆದಾರರಿಗೆ ಕೊಡುವ ಮೊದಲು, ಅವರಿಗೆ ಅರ್ಥವಾಗಿದೆಯೇ ಎಂದು ಪರೀಕ್ಷೆ ಮಾಡಬೇಕೆ? ಸೂಚ್ಯಂಕದ ದಿನದ ಏರಿಳಿತವನ್ನು ಎರಡು ಮೂರು ಪಟ್ಟು ಮಾಡಿಕೊಡುವ ಫಂಡುಗಳೂ, ಸೂಚ್ಯಂಕ ಬಿದ್ದರೆ ಏರುವ ಇನ್‌ವರ್ಸ್ ಫಂಡುಗಳೂ ಆ ಪಟ್ಟಿಯಲ್ಲಿದ್ದವು.

“ನನ್ನ ದುಡ್ಡು, ನನ್ನ ತಲೆ. ಲಾಟರಿ ಟಿಕೆಟಿಗೆ ಪರೀಕ್ಷೆ ಇಲ್ಲ, ಇದಕ್ಕೆ ಯಾಕಪ್ಪಾ?” ಎಂದ.

ಲೆಕ್ಕ ಬಾರದವನ ಹಟವಲ್ಲ ಅದು. ಕಾಗದ ತೆಗೆದು ನನಗೇ ಪಾಠ ಮಾಡಿದ. ಸೂಚ್ಯಂಕ ನೂರರಿಂದ ಶೇ. 10 ಇಳಿದು 90 ಆಯಿತು, ಮರುದಿನ ಶೇ. 11.11 ಏರಿ ಮತ್ತೆ ನೂರು. ಮೂರು ಪಟ್ಟಿನ ಫಂಡು ಮೊದಲ ದಿನ 70ಕ್ಕೆ ಬಿದ್ದು, ಮರುದಿನ ಮೂರನೇ ಒಂದರಷ್ಟು ಏರಿದರೂ 93.33ರಲ್ಲೇ ನಿಲ್ಲುತ್ತದೆ. ಗುಣಾಕಾರ ದಿನದ ಮಟ್ಟಿಗೆ. ಪ್ರತಿ ಸಂಜೆ ಹೊಸ ಲೆಕ್ಕ. ಪೇಟೆ ಒಂದೇ ದಿಕ್ಕಿಗೆ ನಡೆದರೆ ಇದರಿಂದ ಲಾಭವೂ ಉಂಟು, ತೂಗಾಡಿದರೆ ಸವೆತ. 2018ರ ಫೆಬ್ರವರಿ 5ರಂದು, ಪೇಟೆ ತಣ್ಣಗಿರುತ್ತದೆ ಎಂದು ಪಣ ಕಟ್ಟುವ ‘ಎಕ್ಸ್‌ಐವಿ’ ಎಂಬ ಹೂಡಿಕೆ ಪತ್ರ ಶೇ. 90ಕ್ಕೂ ಹೆಚ್ಚು ಮೌಲ್ಯ ಕಳೆದುಕೊಂಡು ಆಮೇಲೆ ಮುಚ್ಚಿಹೋದ ಕಥೆಯನ್ನೂ ಅವನೇ ಹೇಳಿದ. ಯಾವ ಪರೀಕ್ಷೆ ಇಟ್ಟರೂ ಪಾಸಾಗುವ ಹುಡುಗ.

ಧರ್ಮರಾಯನೂ ಪಾಸಾಗುತ್ತಿದ್ದ. ಶಕುನಿಯ ಕೈಚಳಕ ಅವನಿಗೆ ಗೊತ್ತಿತ್ತು. ಜೂಜಿಗೆ ಕರೆಯಲು ಬಂದ ವಿದುರನೇ ಇದು ಕೇಡಿನ ಆಟವೆಂದು ಬಾಯಿಬಿಟ್ಟು ಹೇಳಿದ್ದ. ಆದರೂ ಹೋಗಿ ಕೂತ. ಸೋತದ್ದೆಲ್ಲವನ್ನೂ ಧೃತರಾಷ್ಟ್ರ ಹಿಂತಿರುಗಿಸಿದ ಮೇಲೆ ಎರಡನೇ ಕರೆ ಬಂದಾಗ ಮತ್ತೆ ಹೋಗಿ ಕೂತ. ತಿಳಿವಳಿಕೆಯೊಂದೇ ತಡೆಯುವಂತಿದ್ದರೆ ಮಹಾಭಾರತ ಸಭಾಪರ್ವಕ್ಕೇ ಮುಗಿಯುತ್ತಿತ್ತು.

ಹಾಗಾದರೆ ಬಾಗಿಲನ್ನೇ ಹಾಕಿಬಿಡೋಣವೆ? ಸಾಲದ ಅರ್ಜಿ ತಿರಸ್ಕರಿಸಿ ರೂಢಿಯಾದ ನನ್ನ ಬುದ್ಧಿಗೆ ಅದು ಸುಲಭ. ಆದರೆ ಬೀಗ ಹಾಕಿದ ಹೆಂಡದಂಗಡಿಯ ಮುಂದೆ ನಿಂತವನನ್ನು ಯಾರೂ ವ್ರತಸ್ಥ ಎನ್ನುವುದಿಲ್ಲ. ಫಲ ಉಣ್ಣಬೇಕಾದವನು ಅವನಾದರೆ ಬಿತ್ತುವ ಬೀಜವನ್ನೂ ಅವನೇ ಆರಿಸಿಕೊಳ್ಳಬೇಕು. ಇಷ್ಟರ ಮಟ್ಟಿಗೆ ಮಗನ ಪತ್ರ ಸರಿ.

ಆದರೆ ಅವನ ವಾದ ನಿಂತದ್ದು ‘ನನ್ನ ದುಡ್ಡು’ ಎಂಬ ಎರಡು ಮಾತಿನ ಮೇಲೆ. ದ್ರೌಪದಿ ಸಭೆಗೆ ಹೇಳಿಕಳಿಸಿದ ಪ್ರಶ್ನೆ ನೆನಪಿಸಿಕೊಳ್ಳಿ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಜೂಜು ಸರಿಯೋ ತಪ್ಪೋ ಎಂಬ ಮಾತೇ ಅದರಲ್ಲಿಲ್ಲ. ಪಣಕ್ಕಿಟ್ಟದ್ದು ಯಾರದು ಎಂಬುದಷ್ಟೇ ಇದೆ. ಭೀಷ್ಮನಂಥವನೂ ಧರ್ಮ ಸೂಕ್ಷ್ಮವೆಂದು ಹೇಳಿ ಜಾರಿಕೊಂಡ.

“ಆ ಮೂರು ಪಟ್ಟಿನ ಫಂಡಿನಲ್ಲಿ ನೀನು ಹಾಕಿದ್ದು ಯಾವ ದುಡ್ಡು?” ಎಂದೆ.

“ಮನೆಯ ಡೌನ್ ಪೇಮೆಂಟಿಗೆ ಕೂಡಿಟ್ಟದ್ದರಲ್ಲಿ ಸ್ವಲ್ಪ.”

“ನಿನ್ನ ಹೆಂಡತಿಗೆ ಗೊತ್ತಾ?”

ಮಗ ಉತ್ತರ ಕೊಡದೆ ಲ್ಯಾಪ್‌ಟಾಪ್ ನೋಡಿದ. ಆ ಉಳಿತಾಯದಲ್ಲಿ ಅರ್ಧ ಸೊಸೆಯ ಸಂಬಳದ್ದು.

ಕಾನೂನಿಗೆ ಈ ಪ್ರಶ್ನೆ ಕೇಳಲು ಬರುವುದಿಲ್ಲ. ಪಣದ ಗಾತ್ರಕ್ಕೆ ಕಟ್ಟು ಹಾಕಲು ಬರುತ್ತದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2020ರಲ್ಲಿ ಗಿರಾಕಿಯ ಯೋಗ್ಯತೆ ತೂಗುವ ಪ್ರಸ್ತಾವವನ್ನು ಕೈಬಿಟ್ಟು, ಹೊಸ ಫಂಡುಗಳಿಗೆ ಹೆಚ್ಚುಕಡಿಮೆ ಎರಡು ಪಟ್ಟಿನ ಮಿತಿ ಹಾಕಿತು. ಹಳೆಯ ಮೂರು ಪಟ್ಟಿನವು ಉಳಿದುಕೊಂಡವು. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ನೂರು ಜನರಲ್ಲಿ 93 ಮಂದಿ ಮೂರು ವರ್ಷಗಳಲ್ಲಿ ಕಳೆದುಕೊಂಡದ್ದನ್ನು ಎಣಿಸಿದ ನಮ್ಮ ಸೆಬಿ, 2024ರಲ್ಲಿ ಸೂಚ್ಯಂಕದ ಮೇಲಿನ ಒಂದು ಕಾಂಟ್ರಾಕ್ಟಿನ ಕನಿಷ್ಠ ಗಾತ್ರವನ್ನು 15 ಲಕ್ಷ ರೂಪಾಯಿಗೆ ಏರಿಸಿತು. ಪರೀಕ್ಷೆ ಒರೆಗಲ್ಲಿದ್ದಂತೆ, ಮಿತಿ ತಕ್ಕಡಿಯಿದ್ದಂತೆ. ಎರಡೂ ಇರಲಿ, ನನ್ನ ತಕರಾರಿಲ್ಲ. ಬಳೆಯ ಒಡತಿ ಮಾತ್ರ ಎರಡಕ್ಕೂ ಕಾಣುವುದಿಲ್ಲ.

ಮಗ ಅಂದು ರಾತ್ರಿಯೇ ಪತ್ರ ಕಳಿಸಿದ. ಅದು ಅವನ ಹಕ್ಕು. ಬೆಳಿಗ್ಗೆ ಕಾಫಿಗೆ ಕೂತಾಗ ಸೊಸೆಗೆ ವಿಷಯ ಹೇಳಿದ. ಬೆಲೆ ಆಗಲೇ ಇಳಿದಿತ್ತು; ಅವಳು ಹೆಚ್ಚು ಮಾತಾಡದೆ ತನ್ನ ಪಾಲು ಹೊರಗೆ ತೆಗೆಸಿದಳು. ವರ್ಷ ಮುಗಿಯುವಾಗ ನ್ಯಾಸ್ಡಾಕ್-100 ಸುಮಾರು ಮೂರನೇ ಒಂದರಷ್ಟು ಕುಸಿದಿತ್ತು, ಅದರ ಮೂರು ಪಟ್ಟಿನ ಫಂಡು ಮುಕ್ಕಾಲಿಗಿಂತ ಹೆಚ್ಚು. ಆಮೇಲೆ ಮಗ ಕಳೆದುಕೊಂಡದ್ದು ತನ್ನದನ್ನೇ. ಅದನ್ನು ಕಳೆದುಕೊಳ್ಳುವ ಅಧಿಕಾರ ಅವನಿಗಿತ್ತು.