ಅಳಿಸಿದ ಪಟ್ಟಿ, ಅಳಿಯದ ಸಾಕ್ಷಿ



ಉದ್ಯೋಗನಿಮಿತ್ತವಾಗಿ ಕನ್ನಡನಾಡನ್ನು ಬಿಟ್ಟು ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ನೆಲೆಸಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಒಂದೇ ಕಂಪ್ಯೂಟರನ್ನು ಮೂರು ತಲೆಮಾರಿನವರು ಬಳಸುತ್ತಾರೆ. ಹಿರಿಯರು ಅದರಲ್ಲಿ ಏಕಾದಶಿಯ ನಿರ್ಣಯವನ್ನು ನೋಡುತ್ತಾರೆ. ಮನೆಯ ಯಜಮಾನರು ಬ್ಯಾಂಕಿನ ವ್ಯವಹಾರ ನಡೆಸುತ್ತಾರೆ. ಮಕ್ಕಳು ಪಾಠ ಓದುತ್ತಾರೆ. ಯಾವ ಪುಟವನ್ನು ಯಾವ ಹೊತ್ತಿನಲ್ಲಿ ನೋಡಲಾಯಿತೆಂಬುದನ್ನು ಬ್ರೌಸರ್ ತಾನಾಗಿಯೇ ಬರೆದಿಡುತ್ತದೆ. ಈ ಪಟ್ಟಿಗೆ ಹಿಸ್ಟರಿ ಎಂದು ಹೆಸರು.

ಇದನ್ನು ಅಳಿಸುವುದು ದೋಷವೇ? ಅಲ್ಲ. ಹಲವರು ಬಳಸುವ ಯಂತ್ರದಲ್ಲಿ ಹಣದ ವ್ಯವಹಾರ ಮಾಡಿದವರು ಲಾಗೌಟ್ ಆಗಿ, ಪಟ್ಟಿಯನ್ನು ಅಳಿಸಿ ಏಳುವುದು ವಿವೇಕವೇ ಸರಿ. ಕಂಟ್ರೋಲ್, ಶಿಫ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರ ಕಿಟಕಿ ತೆರೆಯುತ್ತದೆ. ಎಷ್ಟು ಕಾಲದ್ದನ್ನು ಅಳಿಸಬೇಕೆಂಬುದನ್ನು ಅಲ್ಲಿ ಆರಿಸಬೇಕು. ಕುಕೀಗಳಿಗೂ ಉಳಿಸಿದ ಪಾಸ್‌ವರ್ಡುಗಳಿಗೂ ಬೇರೆಬೇರೆ ಗುರುತು ಹಾಕಬೇಕೆಂಬುದನ್ನು ಮರೆಯಬಾರದು.

ಆದರೆ ಇಷ್ಟರಿಂದ ಎಲ್ಲವೂ ಅಳಿಯಿತೆಂದು ತಿಳಿಯುವುದು ಭ್ರಮೆ. ಅಳಿದದ್ದು ನಮ್ಮ ಕೈಯಲ್ಲಿದ್ದ ಪ್ರತಿ ಮಾತ್ರ. ನಾವು ನೋಡಿದ ತಾಣದವರಲ್ಲಿ ಅವರ ದಾಖಲೆ ಬೇರೆ ಇರುತ್ತದೆ. ಸೈಬರ್ ಕೆಫೆಗಳು ನೋಡಿದ ತಾಣಗಳ ವಿವರವನ್ನು ಕನಿಷ್ಠ 1 ವರ್ಷ ಇಡಬೇಕೆಂದು 2011ರ ನಿಯಮಗಳು ವಿಧಿಸಿದವು. ಸೇವಾಸಂಸ್ಥೆಗಳು ತಮ್ಮ ಯಂತ್ರವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದು 2022ರ ಏಪ್ರಿಲ್ 28ರಂದು ಕೇಂದ್ರದ ಸರ್ಟ್-ಇನ್ ಸಂಸ್ಥೆಯು ನಿರ್ದೇಶನವಿತ್ತಿತು.

ಲೋಕದ ದಾಖಲೆಯೇ ಇಂತಿರುವಾಗ ಒಳಗಿನದನ್ನು ಹೇಳಬೇಕೇ? ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸಾಕ್ಷಿಯೆಂದರೆ ಜೀವನ ಸ್ವರೂಪೇಂದ್ರಿಯ. ಸುಖದುಃಖಗಳನ್ನು ಅದು ನೇರವಾಗಿ ಅರಿಯುತ್ತದೆ. ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪದು. ಅದರೊಳಗೆ ಬಿಂಬರೂಪಿಯಾದ ಶ್ರೀಹರಿಯು ನಿಯಾಮಕನಾಗಿ ನಿಂತಿದ್ದಾನೆ. ಅಲ್ಲಿ ಒತ್ತಲು ಕೀಲಿಯಿಲ್ಲ. ಸಂಚಿತಕರ್ಮವನ್ನು ನಾಶಮಾಡುವುದು ಅಪರೋಕ್ಷಜ್ಞಾನ. ಪ್ರಾರಬ್ಧವನ್ನಾದರೋ ಉಂಡೇ ತೀರಿಸಬೇಕು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮಗನು ಏಳುವಾಗ ಪಟ್ಟಿ ಬರಿದಾಗಿದ್ದರೆ ಅವನು ಅಪರಾಧಿಯೆಂದು ನಿರ್ಣಯಿಸಬೇಡಿ; ಪಟ್ಟಿ ತುಂಬಿದ್ದರೆ ನಿರ್ದೋಷಿಯೆಂದೂ ನಂಬಬೇಡಿ. ಬರಿಯ ಪಟ್ಟಿಯಿಂದ ಎರಡೂ ಸಿದ್ಧವಾಗುವುದಿಲ್ಲ. ರಾತ್ರಿ ಕದ್ದು ನೋಡುವ ತಂದೆಯಿಂದ ಮಗನು ಕಲಿಯುವುದು ಇನ್ನೂ ಚೆನ್ನಾಗಿ ಅಳಿಸುವುದನ್ನೇ ಹೊರತು ಬಿಡುವುದನ್ನಲ್ಲ. ಊರೂ ಬಂಧುಗಳೂ ದೂರವಿರುವಾಗ ಅವನು ಬಾಯಿಬಿಟ್ಟು ಹೇಳಿಕೊಳ್ಳಲು ಮನೆಯಲ್ಲದೆ ಬೇರೆ ಜಾಗವಾವುದು? ಕೇಳಿ, ತಾಳ್ಮೆಯಿಂದ ತಿದ್ದಿ. ಪಶ್ಚಾತ್ತಾಪಕ್ಕೆ ಬಾಗಿಲು ತೆರೆದಿರಲಿ.

ಈ ನಾಡು ನಮಗೆ ಪರಕೀಯವೇನಲ್ಲ. ಆಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀನರಹರಿತೀರ್ಥರು ಕಳಿಂಗದಲ್ಲಿ ರಾಜ್ಯಭಾರವನ್ನು ಹೊತ್ತವರು. ಶ್ರೀಕೂರ್ಮಕ್ಷೇತ್ರದಲ್ಲಿ ಕ್ರಿ.ಶ. 1281ರ ಅವರ ಶಾಸನ ಇಂದಿಗೂ ಇದೆ. ಅಧಿಕಾರ ಕೈಯಲ್ಲಿದ್ದಾಗ ಅವರು ಮಾಡಿದ ನರಸಿಂಹಪ್ರತಿಷ್ಠೆಯನ್ನು ಆ ಕಲ್ಲು ಹೇಳುತ್ತದೆ. ಏಳುನೂರು ವರ್ಷಗಳ ಮೇಲೆಯೂ ಓದಿಸಿಕೊಳ್ಳಲು ನಾಚಬೇಕಾಗಿಲ್ಲದ ದಾಖಲೆ ಅದು.

ಒಬ್ಬರೇ ಕುಳಿತು ಪರದೆಯನ್ನು ತೆರೆಯುವಾಗ ಒಂದು ಕ್ಷಣ ಹರಿಸ್ಮರಣೆ ಮಾಡೋಣ. ಗೋಪ್ಯಕ್ಕಾಗಿ ಪಟ್ಟಿಯನ್ನು ಅಳಿಸೋಣ; ಲಜ್ಜೆಗಾಗಿ ಅಳಿಸಬೇಕಾದುದನ್ನು ನೋಡದೆಯೇ ಇರೋಣ.

ಶ್ರೀಕೃಷ್ಣಾರ್ಪಣಮಸ್ತು.